ಮೂಲೆಯ ಉದ್ದಗಾಲಿನ ಜೇಡ ಯಾರ ಮೇಲೂ ಉಚ್ಚೆ ಹೊಯ್ಯೋದಿಲ್ಲ: ಒಂದು ಹೆಸರು, ಹತ್ತು ಗೊಂದಲ

*‘ಡ್ಯಾಡಿ ಲಾಂಗ್‌ಲೆಗ್ಸ್’ ಜಗತ್ತಿನ ಅತಿ ವಿಷಕಾರಿ ಜೇಡ ಅನ್ನೋದು ಮೊಬೈಲ್‌ನಿಂದ ಬಂದ ಸುಳ್ಳು. ಅದು ಮೈಮೇಲೆ ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತೆ ಅನ್ನೋದು ಅಜ್ಜಿ ಕಾಲದಿಂದ ಬಂದ ನಂಬಿಕೆ. ಮೊದಲನೆಯದು ನಗೆಪಾಟಲು, ಎರಡನೆಯದರಿಂದ ಕಣ್ಣೇ ಹೋಗಬಹುದು.*

ಕೊಟ್ಟೂರು ತೇರು ಹತ್ತಿರ ಬಂತು ಅಂದ್ರೆ ಸುತ್ತಲಿನ ಊರುಗಳಲ್ಲಿ ಮನೆಗೆ ಸುಣ್ಣ ಬಳಿಯೋ ಕೆಲಸ ಶುರುವಾಗುತ್ತೆ. ಸುಣ್ಣಕ್ಕೂ ಮುಂಚೆ ಧೂಳು ಹೊಡೀಬೇಕು. ಉದ್ದನೆಯ ಕೋಲಿಗೆ ಕಸಬರಿಗೆ ಕಟ್ಟಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಮಾಳಿಗೆ ಮನೆಯ ತೊಲೆ ಜಂತಿಗಳ ಸಂದಿಯಿಂದ ವರ್ಷದ ಬಲೆ ತೆಗೆಯೋದು. ಆಗ ಮೂಲೆಯಿಂದ ಒಂದು ಜೀವಿ ಜೋತುಬೀಳುತ್ತೆ. ಮೈ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಕಾಲು ಮಾತ್ರ ಕೂದಲೆಳೆಯಷ್ಟು ತೆಳ್ಳಗೆ, ಬೆರಳುದ್ದ. ಮುಟ್ಟಲು ಹೋದರೆ ಬಲೆಯಲ್ಲೇ ಗರಗರ ತಿರುಗಿ ಕಣ್ಣಿಗೆ ಕಾಣದಂತಾಗುತ್ತೆ.

“ಮೈಮ್ಯಾಲೆ ಬೀಳಿಸ್ಕೋಬ್ಯಾಡಲೇ, ಉಚ್ಚಿ ಹೊಯ್ದರೆ ಗುಳ್ಳೆ ಏಳ್ತಾವು” ಅಂತಾಳೆ ಅಜ್ಜಿ.

“ಅಜ್ಜೀ, ಅದು ಡ್ಯಾಡಿ ಲಾಂಗ್‌ಲೆಗ್ಸ್. ಪ್ರಪಂಚದಾಗೇ ಎಲ್ಲಕ್ಕಿಂತ ಜಾಸ್ತಿ ವಿಷ ಇರೋದು ಅದಕ್ಕೇ. ಹಲ್ಲು ಸಣ್ಣವು, ಅದಕ್ಕೆ ಮನುಷ್ಯರನ್ನ ಕಚ್ಚಾಕಾಗಲ್ಲ” ಅಂತಾನೆ ಇಂಗ್ಲಿಷ್ ಮೀಡಿಯಂ ಮೊಮ್ಮಗ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಯಾವ ಮನೆಯಲ್ಲಾದರೂ ಕೇಳಿಬರಬಹುದಾದ ಮಾತುಗಳಿವು. ಇಬ್ಬರೂ ತಪ್ಪು. ಆದರೆ ಇಬ್ಬರ ತಪ್ಪಿನ ಬೆಲೆ ಒಂದೇ ಅಲ್ಲ. ಹಾಗಾಗಿ ಈ ಜೇಡದ ಬಗ್ಗೆ ಜನ ಸಾಮಾನ್ಯವಾಗಿ ಕೇಳೋ ಪ್ರಶ್ನೆಗಳನ್ನ ಒಂದೊಂದಾಗಿ ನೋಡೋಣ.

‘ಡ್ಯಾಡಿ ಲಾಂಗ್‌ಲೆಗ್ಸ್’ ಅಂದ್ರೆ ಯಾವುದು?

ಉತ್ತರ ಕೇಳಿದರೆ ಆಶ್ಚರ್ಯ ಆಗುತ್ತೆ: ಮೂರು ಬೇರೆ ಬೇರೆ ಜೀವಿಗಳಿಗೆ ಇಂಗ್ಲಿಷ್ ಮಾತಾಡೋರು ಇದೊಂದೇ ಹೆಸರು ಇಟ್ಟಿದ್ದಾರೆ.

ಮೊದಲನೆಯದು ನಮ್ಮ ಮನೆ ಮೂಲೆಯಲ್ಲಿರೋ ಜೇಡ. ಇದು ಫೋಲ್ಸಿಡೇ ಅನ್ನೋ ಕುಟುಂಬಕ್ಕೆ ಸೇರಿದ್ದು. ಇಂಗ್ಲಿಷಿನಲ್ಲಿ ಇದಕ್ಕೆ ‘ನೆಲಮಾಳಿಗೆಯ ಜೇಡ’ ಅನ್ನೋ ಅರ್ಥದ ಇನ್ನೊಂದು ಹೆಸರೂ ಇದೆ. ಎಂಟು ಕಾಲು, ಎರಡು ಭಾಗದ ಮೈ, ನಡುವೆ ಸಣ್ಣ ಸೊಂಟ. ಬಲೆ ಕಟ್ಟುತ್ತೆ. ವಿಷ ಇದೆ, ಆದರೆ ಅದು ಸೊಳ್ಳೆ ನೊಣಗಳಿಗೆ ಸಾಕಾಗುವಷ್ಟು.

ಎರಡನೆಯದು ‘ಹಾರ್ವೆಸ್ಟ್‌ಮನ್’, ಅಂದ್ರೆ ಸುಗ್ಗಿಯಾಳು. ಯುರೋಪಿನಲ್ಲಿ ಬೆಳೆ ಕೊಯ್ಯೋ ಕಾಲಕ್ಕೆ ಹೆಚ್ಚು ಕಾಣಿಸುತ್ತೆ ಅಂತ ಆ ಹೆಸರು ಬಂತು. ಒಂದು ಮಣಿಗೆ ಎಂಟು ಕೂದಲು ಸಿಕ್ಕಿಸಿದ ಹಾಗೆ ಕಾಣುತ್ತೆ. ಮೈಗೆ ಸೊಂಟವೇ ಇಲ್ಲ. ಎಂಟು ಕಾಲಿದ್ದರೂ ಇದು ಜೇಡವಲ್ಲ. ಚೇಳು, ಉಣ್ಣೆ, ಜೇಡ ಎಲ್ಲ ಸೇರೋ ದೊಡ್ಡ ಬಳಗದಲ್ಲಿ ಇದರದ್ದೇ ಬೇರೆ ಮನೆತನ. ನೂಲು ತೆಗೆಯಲ್ಲ, ಬಲೆ ಕಟ್ಟಲ್ಲ, ವಿಷದ ಗ್ರಂಥಿಯೇ ಇಲ್ಲ. ಜಗತ್ತಿನಲ್ಲಿ 6,500ಕ್ಕೂ ಹೆಚ್ಚು ಬಗೆಗಳಿವೆ. ಸ್ಕಾಟ್ಲೆಂಡಿನಲ್ಲಿ ಸಿಕ್ಕ ಇದರ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷ ವಯಸ್ಸು. ನಮ್ಮ ರಾಜ್ಯದಲ್ಲಿ ಇವು ನೆಮ್ಮದಿಯಾಗಿರೋದು ಮಲೆನಾಡಿನ ಒದ್ದೆ ಕಾಡುಗಳಲ್ಲಿ. ಕೂಡ್ಲಿಗಿಯ ಬಿಸಿಲಿಗೆ ಒಣಗಿದ ಮನೆಯ ಮೂಲೆ ಅವಕ್ಕೆ ಹಿಡಿಸೋ ಜಾಗವಲ್ಲ.

ಮೂರನೆಯದಕ್ಕೆ ರೆಕ್ಕೆ ಇದೆ! ಬ್ರಿಟನ್ನಿನ ಜನ ‘ಕ್ರೇನ್ ಫ್ಲೈ’ ಅನ್ನೋ ಉದ್ದ ಕಾಲಿನ ನೊಣವನ್ನೂ ಡ್ಯಾಡಿ ಲಾಂಗ್‌ಲೆಗ್ಸ್ ಅಂತಾನೇ ಕರೀತಾರೆ. ಮಳೆಗಾಲದಲ್ಲಿ ದೀಪದ ಸುತ್ತ ತಡವರಿಸುತ್ತಾ ಹಾರೋ, “ಅಬ್ಬಾ, ಎಷ್ಟು ದೊಡ್ಡ ಸೊಳ್ಳೆ” ಅಂತ ನಾವು ಚಪ್ಪಾಳೆ ತಟ್ಟಿ ಕೊಲ್ಲೋ ಹುಳ ಇದೆಯಲ್ಲ, ಅದೇ. ಅದು ಸೊಳ್ಳೆಯಲ್ಲ, ರಕ್ತ ಹೀರಲ್ಲ, ಕಚ್ಚೋದೂ ಇಲ್ಲ.

ಗುರುತು ಹಿಡಿಯೋದು ಸುಲಭ. ರೆಕ್ಕೆ ಇದ್ದರೆ ನೊಣ. ಬಲೆಯಲ್ಲಿ ತಲೆಕೆಳಗಾಗಿ ನೇತಾಡ್ತಿದ್ದರೆ ಜೇಡ. ರೆಕ್ಕೆಯೂ ಇಲ್ಲ, ಬಲೆಯೂ ಇಲ್ಲ, ಸೊಂಟವೂ ಇಲ್ಲ ಅಂದ್ರೆ ಸುಗ್ಗಿಯಾಳು.

ಹೆಸರು ಯಾವುದಾದ್ರೇನು, ಹುಳ ಹುಳಾನೇ ಅಲ್ವಾ?

ಹೆಸರು ಯಾವ ಪಟ್ಟಿಯಲ್ಲಿದೆ ಅನ್ನೋದು ಎಷ್ಟು ಮುಖ್ಯ ಅಂತ ಹರಪನಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1997ರಲ್ಲಿ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು. ಮುಂದೆ ಬಳ್ಳಾರಿಗೆ 371(ಜೆ) ವಿಶೇಷ ಸ್ಥಾನಮಾನ ಬಂದಾಗ ಹರಪನಹಳ್ಳಿ ಹೊರಗುಳಿಯಿತು. ಹೋರಾಟ ನಡೆದು 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿತು, 2021ರಲ್ಲಿ ಉಳಿದ ಪಶ್ಚಿಮ ತಾಲ್ಲೂಕುಗಳ ಜೊತೆ ವಿಜಯನಗರ ಜಿಲ್ಲೆಯಾಯಿತು. ಊರು ಅದೇ, ಜನ ಅದೇ, ಮಣ್ಣು ಅದೇ. ಪಟ್ಟಿ ಬದಲಾದ ಮೇಲೆ ಮಕ್ಕಳಿಗೆ ಸಿಗೋ ಸೀಟು, ನೌಕರಿ ಬದಲಾದವು.

ಜೀವಿಗಳ ವಿಷಯವೂ ಹಾಗೇ. ಮೂರು ಜೀವಿಗಳಿಗೆ ಒಂದೇ ಹೆಸರಿಟ್ಟರೆ ಒಂದರ ಆರೋಪ ಇನ್ನೊಂದರ ತಲೆಗೆ ಬರುತ್ತೆ. ಅದು ಬರೀ ಜೇಡಕ್ಕೆ ಆಗೋ ಅನ್ಯಾಯವಾಗಿದ್ದರೆ ಇಷ್ಟುದ್ದ ಬರೆಯೋ ಅಗತ್ಯವಿರಲಿಲ್ಲ. ರೋಗದ ಹೆಸರೂ ಅದೇ ರೀತಿ ಅದಲು ಬದಲಾಗುತ್ತೆ ಅನ್ನೋದೇ ತೊಂದರೆ. ಆ ಮಾತಿಗೆ ಮುಂದೆ ಬರೋಣ.

ಕನ್ನಡದಲ್ಲಿ ಇದಕ್ಕೆ ಏನಂತಾರೆ?

ನಮ್ಮ ಕಡೆ ದಿನಬಳಕೆಯ ಮಾತಿನಲ್ಲಿ ಎಲ್ಲವೂ ಜೇಡವೇ, ಇಲ್ಲವೇ ‘ಜೇಡ್ರ ಹುಳ’. ತೋಟದಲ್ಲಿ ಚಕ್ರದಂಥ ಬಲೆ ಕಟ್ಟೋದೂ ಜೇಡ, ಗೋಡೆ ಮೇಲೆ ನೆಗೆಯೋದೂ ಜೇಡ, ಮೂಲೆಯಲ್ಲಿ ನೇತಾಡೋದೂ ಜೇಡ. ಬೇಕಾದರೆ ‘ಉದ್ದಗಾಲಿನ ಜೇಡ’ ಅಂತ ಬಿಡಿಸಿ ಹೇಳಬಹುದು, ಅಷ್ಟೇ.

ಆದರೆ ‘ಜೇಡ್ರ ಹುಳ’ ಅನ್ನೋ ಮಾತನ್ನ ಒಮ್ಮೆ ಬಿಡಿಸಿ ನೋಡಿ. ಜೇಡ ಅಂದ್ರೆ ಹಳೆಯ ಕನ್ನಡದಲ್ಲಿ ನೇಕಾರ. ಜಾಡ ಅಂತಲೂ ಹೇಳ್ತಾರೆ. ಸುರಪುರ ಸೀಮೆಯ ಮುದನೂರಿನ ವಚನಕಾರ ಜೇಡರ ದಾಸಿಮಯ್ಯನವರ ಹೆಸರಿನಲ್ಲಿರೋ ‘ಜೇಡ’ವೂ ಇದೇ. ಅಲ್ಲಿಗೆ ಜೇಡರ ಹುಳ ಅಂದ್ರೆ ‘ನೇಕಾರರ ಹುಳ’. ನಮ್ಮ ಹಿರಿಯರು ಈ ಜೀವಿಯನ್ನ ನೋಡಿ ಹೆಸರಿಡುವಾಗ ವಿಷವನ್ನಾಗಲಿ, ಕಾಲಿನ ಉದ್ದವನ್ನಾಗಲಿ ಎಣಿಸಲಿಲ್ಲ. ಅದು ಮಾಡೋ ಕೆಲಸ ನೋಡಿದರು.

ಜರ್ಮನ್ನರ ಕಥೆ ಇನ್ನೂ ತಮಾಷೆ. ಅವರು ಸುಗ್ಗಿಯಾಳನ್ನ ‘ವೇಬರ್‌ಕ್ನೆಹ್ಟ್’ ಅಂತಾರೆ, ಅಂದ್ರೆ ‘ನೇಕಾರನ ಆಳು’. ಪಾಪ, ಆ ಜೀವಿಗೆ ಒಂದೆಳೆ ನೂಲು ತೆಗೆಯೋಕೂ ಬರಲ್ಲ! ಕನ್ನಡ ಸರಿಯಾದ ಜೀವಿಗೆ ಕೊಟ್ಟ ಕಸುಬಿನ ಹೆಸರನ್ನ ಜರ್ಮನ್ ತಪ್ಪು ಜೀವಿಗೆ ಕೊಟ್ಟಿತು.

ಹಾಗಾದ್ರೆ ನಮ್ಮ ಮನೆ ಮೂಲೆಯಲ್ಲಿರೋದು ಯಾವ ಜೇಡ?

ನಮ್ಮ ದೇಶದ ಮನೆಗಳಲ್ಲಿ ಬಹಳ ಸಾಮಾನ್ಯವಾಗಿ ಕಾಣೋದು ಕ್ರಾಸೊಪ್ರೈಜಾ ಲಯೋನಿ ಅನ್ನೋ ಜೇಡ. 1867ರಲ್ಲಿ ಇಂಗ್ಲೆಂಡಿನ ಜೇಡತಜ್ಞ ಜಾನ್ ಬ್ಲ್ಯಾಕ್‌ವಾಲ್ ಭಾರತದಿಂದ ಹೋದ ಮಾದರಿಗಳನ್ನ ನೋಡಿ ಇದನ್ನ ಮೊದಲು ವರ್ಣಿಸಿದ. ಇವತ್ತು ಜಗತ್ತಿನ ಬೆಚ್ಚಗಿನ ದೇಶಗಳ ಮನೆಗಳಿಗೆಲ್ಲ ಹಬ್ಬಿದೆ. ಬೂದು ಬಣ್ಣ, ಕಾಲಿನ ಮೇಲೆ ಚುಕ್ಕೆ, ಹೊಟ್ಟೆಯ ಹಿಂಬದಿ ಮೂಲೆಮೂಲೆಯಾಗಿ ಡಬ್ಬಿಯಂತೆ ಇದ್ದು ತುದಿಯಲ್ಲಿ ಸಣ್ಣ ಗುಬಟು.

ಇದರ ಬಲೆಗೆ ಅಂದಚೆಂದ ಇಲ್ಲ. ಹತ್ತಿ ಹಿಂಜಿ ಎಸೆದಂತೆ ಅಡ್ಡಾದಿಡ್ಡಿ. ಹಳೆಯದನ್ನ ಕಿತ್ತುಹಾಕದೆ ಅದರ ಮೇಲೇ ಕಟ್ಟುತ್ತಾ ಹೋಗೋದರಿಂದ ಧೂಳು ಕೂತು ಜೋಲುತ್ತೆ. ಹೆಣ್ಣು ಜೇಡ ಮೊಟ್ಟೆಗಳನ್ನ ನಾಲ್ಕೆಳೆ ನೂಲಲ್ಲಿ ಸುತ್ತಿ, ಮರಿ ಹೊರಬರೋವರೆಗೂ ಬಾಯಲ್ಲೇ ಕಚ್ಚಿ ಹಿಡಿದುಕೊಂಡಿರುತ್ತೆ. ರಾಗಿಕಾಳಿನ ಗೊಂಚಲು ಹಿಡಿದಂತೆ ಕಾಣೋ ಜೇಡವನ್ನ ನೀವೂ ನೋಡಿರ್ತೀರಿ. ಗರಗರ ತಿರುಗೋದು ಸಿಟ್ಟಿಗಲ್ಲ, ಭಯಕ್ಕೆ. ಹಿಡಿಯಲು ಬಂದವರಿಗೆ ಮೈ ಎಲ್ಲಿದೆ ಅಂತ ಗೊತ್ತಾಗದಿರಲಿ ಅಂತ.

ಇದು ಜಗತ್ತಿನಲ್ಲೇ ಅತಿ ವಿಷಕಾರಿ ಅಂತಾರಲ್ಲ?

ಸುಳ್ಳು. ಸುಗ್ಗಿಯಾಳಿಗೆ ವಿಷವೇ ಇಲ್ಲ, ಕ್ರೇನ್ ಫ್ಲೈಗೂ ಇಲ್ಲ. ಉಳಿದದ್ದು ಮೂಲೆಯ ಜೇಡ. ಅದರ ವಿಷದಿಂದ ಮನುಷ್ಯರಿಗೆ ಅಪಾಯ ಆಗುತ್ತೆ ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ. “ಹಲ್ಲು ಚಿಕ್ಕದು, ಚರ್ಮ ದಾಟಲ್ಲ” ಅನ್ನೋ ಮಾತೂ ಪೂರ್ತಿ ನಿಜವಲ್ಲ. 2004ರಲ್ಲಿ ಅಮೆರಿಕದ ‘ಮಿಥ್‌ಬಸ್ಟರ್ಸ್’ ಟಿವಿ ಕಾರ್ಯಕ್ರಮದಲ್ಲಿ ಆಡಂ ಸ್ಯಾವೇಜ್ ಈ ಕುಟುಂಬದ ಜೇಡಗಳಿರೋ ಪೆಟ್ಟಿಗೆಯೊಳಗೆ ಕೈ ಇಟ್ಟರು. ಕಚ್ಚಿತು. ಸ್ವಲ್ಪ ಹೊತ್ತು ಸಣ್ಣಗೆ ಉರಿದು ಸುಮ್ಮನಾಯಿತು.

ಇಂಥ ಸುಳ್ಳು ಹುಟ್ಟಿದ್ದು ಹೇಗೆ? ಈ ಜೇಡ ತನಗಿಂತ ಬಲವಾದ, ವಿಷದ ಜೇಡಗಳನ್ನೂ ಹಿಡಿದು ತಿನ್ನುತ್ತೆ. ಅದನ್ನ ಕಂಡವರು “ವಿಷದ ಜೇಡವನ್ನೇ ಕೊಲ್ಲುತ್ತೆ ಅಂದ್ರೆ ಇದಕ್ಕೆ ಇನ್ನೆಷ್ಟು ವಿಷ ಇರಬೇಕು” ಅಂತ ಲೆಕ್ಕ ಹಾಕಿರಬಹುದು ಅನ್ನೋದು ಒಂದು ವಿವರಣೆ. ಅಸಲಿಗೆ ಅದು ಗೆಲ್ಲೋದು ಉದ್ದ ಕಾಲಿನಿಂದ. ದೂರದಲ್ಲೇ ನಿಂತು, ಹಿಂಗಾಲಿನಿಂದ ನೂಲು ಎಸೆದೆಸೆದು ಕಟ್ಟಿಹಾಕಿ, ಆಮೇಲೆ ಕಚ್ಚುತ್ತೆ.

ನಮ್ಮ ಸೀಮೆಯಲ್ಲಿ ಹೆದರಲೇಬೇಕಾದದ್ದು ಬೇರೆ ಇವೆ. ಕಲ್ಲಿನ ಸಂದಿಯ ಚೇಳು, ಹೊಲದ ಬದುವಿನ ಹಾವು. ಅವು ಕಚ್ಚಿದರೆ ಮಂತ್ರದವರ ಹತ್ತಿರ ಹೋಗದೆ ನೇರ ಆಸ್ಪತ್ರೆಗೆ ಹೋಗಬೇಕು.

ಸರಿ, ಜೇಡ ಉಚ್ಚೆ ಹೊಯ್ದರೆ ಗುಳ್ಳೆ ಏಳೋದು ನಿಜ ಅಲ್ವಾ? ನಾನೇ ನೋಡಿದೀನಿ!

ಗುಳ್ಳೆ ನೋಡಿರೋದು ನಿಜ. ಜೇಡ ಹೊಯ್ದದ್ದನ್ನ ಯಾರೂ ನೋಡಿಲ್ಲ.

ಈ ನಂಬಿಕೆ ನಿನ್ನೆ ಮೊನ್ನೆಯದಲ್ಲ. ಸಂಸ್ಕೃತದಲ್ಲಿ ‘ಲೂತಾ’ ಅಂದ್ರೆ ಜೇಡ. ಅದೇ ಪದಕ್ಕೆ ಒಂದು ಬಗೆಯ ಚರ್ಮರೋಗ ಅನ್ನೋ ಅರ್ಥವೂ ಇದೆ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಜೇಡದ ವಿಷ ಹರಡೋ ದಾರಿಗಳಲ್ಲಿ ಮೂತ್ರವನ್ನೂ ಎಣಿಸಿದ್ದಾರೆ. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ, ರಾತ್ರಿ ಮಲಗಿ ಬೆಳಗ್ಗೆ ಏಳುವಾಗ ಮೈಮೇಲೆ ಗುಳ್ಳೆ ಕಂಡವರು ತಲೆಯೆತ್ತಿ ನೋಡಿದರೆ ಕಂಡದ್ದು ಜೇಡ. ಅವರ ತರ್ಕದಲ್ಲಿ ತಪ್ಪಿಲ್ಲ, ಅವರ ಹತ್ತಿರ ಇದ್ದ ಮಾಹಿತಿಯೇ ಅಷ್ಟು.

ಈಗ ಗೊತ್ತಿರೋದು ಇಷ್ಟು: ಜೇಡಗಳು ನಮ್ಮ ಹಾಗೆ ನೀರಾಗಿ ಮೂತ್ರ ಮಾಡಲ್ಲ. ನೀರು ಉಳಿಸಿಕೊಂಡು, ಕಶ್ಮಲವನ್ನ ಬಿಳಿಯ ಗಟ್ಟಿ ಹನಿಯಾಗಿ ಹೊರಹಾಕುತ್ತವೆ. ಬಲೆಯ ಕೆಳಗೆ ನೆಲದ ಮೇಲೆ ಸುಣ್ಣದ ಚುಕ್ಕೆಗಳಂತೆ ಕಾಣೋದು ಅದೇ. ಅದರಿಂದ ಚರ್ಮ ಸುಡಲ್ಲ. ಹಾಗಾದರೆ ಆ ಗುಳ್ಳೆ ಯಾವುದು? ಹೆಚ್ಚಾಗಿ ಈ ಮೂರರಲ್ಲಿ ಒಂದು.

*ಒಂದು: ಪೀಡೆರಸ್ ಹುಳ.* ದೊಡ್ಡ ಇರುವೆಯಂಥ, ಕೆಂಪು-ಕಪ್ಪು ಪಟ್ಟೆಯ ತೆಳ್ಳನೆಯ ದುಂಬಿ. ಒದ್ದೆ ಮಣ್ಣು, ಭತ್ತದ ಗದ್ದೆ ಇದಕ್ಕೆ ಇಷ್ಟ. ಹಾಗಾಗಿ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳಲ್ಲಿ ತುಂಗಭದ್ರಾ ದಂಡೆಗೆ, ನೀರಾವರಿಗೆ ಹತ್ತಿರ ಇರೋರು ಇದನ್ನ ತಿಳಿದಿರೋದು ಒಳ್ಳೇದು. ಮಳೆಗಾಲದಲ್ಲಿ ಲೈಟಿಗೆ ಬರುತ್ತೆ. ಕಚ್ಚಲ್ಲ, ಕುಟುಕಲ್ಲ. ಆದರೆ ಮೈಮೇಲೆ ಹರಿದಾಡಿದಾಗ ನಿದ್ದೆಗಣ್ಣಲ್ಲಿ ಉಜ್ಜಿದರೆ ಅದರೊಳಗಿನ ಪೆಡೆರಿನ್ ಅನ್ನೋ ರಸ ಚರ್ಮಕ್ಕೆ ತಾಗುತ್ತೆ. ತಕ್ಷಣ ಏನೂ ಆಗಲ್ಲ. ಅರ್ಧ ದಿನ, ಒಂದು ದಿನ ಕಳೆದ ಮೇಲೆ ಗೆರೆ ಎಳೆದಂತೆ ಕೆಂಪಾಗಿ, ಉರಿದು, ಗುಳ್ಳೆ ಏಳುತ್ತೆ. ಅಷ್ಟೊತ್ತಿಗೆ ಹುಳ ಇರಲ್ಲ, ಜೇಡ ಮಾತ್ರ ಮೂಲೆಯಲ್ಲೇ ಇರುತ್ತೆ! ಇಂಥ ಹುಳ ಮೈಮೇಲೆ ಕೂತರೆ ಹೊಡೀಬಾರದು, ಊದಿ ಹಾರಿಸಬೇಕು. ಉಜ್ಜಿಬಿಟ್ಟಿದ್ದರೆ ಸೋಪು ನೀರಲ್ಲಿ ಚೆನ್ನಾಗಿ ತೊಳೀಬೇಕು, ಆ ಕೈಯಿಂದ ಕಣ್ಣು ಮುಟ್ಟಬಾರದು.

*ಎರಡು: ತುಟಿಯಂಚಿನ ಗುಳ್ಳೆ.* ಜ್ವರ ಬಂದು ಹೋದ ಮೇಲೆ ಏಳೋ ಸಣ್ಣ ಗೊಂಚಲು. ಇದು ಹರ್ಪಿಸ್ ಸಿಂಪ್ಲೆಕ್ಸ್ ಅನ್ನೋ ವೈರಸ್ಸಿನ ಕೆಲಸ. ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ತಾನಾಗೇ ಮಾಯುತ್ತೆ.

*ಮೂರು: ಸರ್ಪಸುತ್ತು.* ಈ ಲೇಖನ ಬರೆದಿರೋದೇ ಇದಕ್ಕಾಗಿ.

ಚಿಕ್ಕಂದಿನಲ್ಲಿ ‘ಅಮ್ಮ’ ಬಂದು ಹೋಗಿರುತ್ತಲ್ಲ, ಆ ಚಿಕನ್‌ಪಾಕ್ಸ್ ವೈರಸ್ ಮೈ ಬಿಟ್ಟು ಹೋಗಲ್ಲ. ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ವರ್ಷಾನುಗಟ್ಟಲೆ ಸುಮ್ಮನೆ ಮಲಗಿರುತ್ತೆ. ವಯಸ್ಸಾದಾಗ, ಸಕ್ಕರೆ ಕಾಯಿಲೆ ಇದ್ದಾಗ, ಕ್ಯಾನ್ಸರ್ ಔಷಧಿಯಿಂದಲೋ ಎಚ್‌ಐವಿಯಿಂದಲೋ ಮೈಯ ಶಕ್ತಿ ಕುಂದಿದಾಗ ಎದ್ದು ಆ ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತೆ. ಅದಕ್ಕೇ ಗುಳ್ಳೆಗಳು ಮೈಯ ಒಂದೇ ಬದಿಯಲ್ಲಿ, ಪಟ್ಟಿ ಕಟ್ಟಿದಂತೆ ಏಳೋದು. ಗುಳ್ಳೆಗೆ ಒಂದೆರಡು ದಿನ ಮುಂಚೆಯೇ ಆ ಜಾಗದಲ್ಲಿ ಚುಚ್ಚೋದು, ಉರಿಯೋದು ಶುರುವಾಗುತ್ತೆ.

ಇದಕ್ಕೆ ಔಷಧಿ ಇದೆ. ಅಸೈಕ್ಲೋವಿರ್ ಮಾತ್ರೆ, ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿರೋದು. ಆದರೆ ಒಂದು ಷರತ್ತು: ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ, ಅಂದ್ರೆ ಮೂರು ದಿನದೊಳಗೆ ಶುರು ಮಾಡಿದರೆ ಹೆಚ್ಚು ಫಲ. ಆ ಮೂರು ದಿನ ನಮ್ಮಲ್ಲಿ ಎಲ್ಲಿ ಹೋಗುತ್ತೆ? “ಜೇಡ ಉಚ್ಚೆ ಹೊಯ್ದೈತಿ, ಎರಡು ದಿನ ನೋಡಾಣ” ಅಂತ ಒಂದು ದಿನ. ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸೋಕೆ ಇನ್ನೊಂದು ದಿನ. “ಹಾವಿನ ತಲೆ ಬಾಲ ಕೂಡಿದರೆ ಉಳಿಯಲ್ಲಂತೆ” ಅನ್ನೋ ಹೆದರಿಕೆಯಲ್ಲಿ ಮತ್ತೊಂದು ದಿನ.

ತಡವಾದವರ ಗುಳ್ಳೆಯೂ ಮಾಯುತ್ತೆ, ಅದಕ್ಕೇ ಮಂತ್ರ ಫಲಿಸಿತು ಅನ್ನಿಸುತ್ತೆ. ಆದರೆ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಗಾಯ ಒಣಗಿದ ಮೇಲೂ ನರದ ನೋವು ತಿಂಗಳುಗಟ್ಟಲೆ ಉಳಿಯುತ್ತೆ. ಸೀರೆಯ ಸೆರಗು ತಾಗಿದರೂ ಬೆಂಕಿ ಬಿದ್ದಂತಾಗುತ್ತೆ. ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರಂತೂ ಅದೇ ದಿನ ಡಾಕ್ಟರ್ ಹತ್ತಿರ ಹೋಗಲೇಬೇಕು. ವೈರಸ್ ಕಣ್ಣಿಗೆ ಇಳಿದರೆ ದೃಷ್ಟಿ ಹೋಗೋ ಅಪಾಯ ಇದೆ. ಗುಳ್ಳೆಯ ನೀರಿನಿಂದ, ಚಿಕನ್‌ಪಾಕ್ಸ್ ಬಾರದೇ ಇರೋರಿಗೆ ಅದು ಹರಡಬಹುದು. ಬಸುರಿಯರನ್ನ, ಎಳೆಗೂಸುಗಳನ್ನ ದೂರ ಇಡಬೇಕು.

ಕಾಯಿಲೆಗೆ ‘ಸರ್ಪ’ ಅಂತ ಹೆಸರಿಟ್ಟರೆ ಮಂತ್ರದವರು ನೆನಪಾಗ್ತಾರೆ, ‘ಜೇಡ’ ಅಂತ ಹೆಸರಿಟ್ಟರೆ ಕಸಬರಿಗೆ ನೆನಪಾಗುತ್ತೆ. ‘ವೈರಸ್’ ಅಂತ ಗೊತ್ತಾದರೆ ಮಾತ್ರ ತಾಲ್ಲೂಕು ಆಸ್ಪತ್ರೆ ನೆನಪಾಗೋದು.

ಹಾಗಾದ್ರೆ ಜೇಡಗಳನ್ನ ಮನೇಲೇ ಸಾಕಬೇಕಾ?

ಸಾಕಬೇಕಿಲ್ಲ, ಸುಮ್ಮನೆ ಬಿಟ್ಟರೆ ಸಾಕು. ನಮ್ಮೂರುಗಳಲ್ಲಿ ನಲ್ಲಿ ನೀರು ಬಂದ ದಿನ ಬ್ಯಾರೆಲ್ಲು, ಕೊಡ, ತೊಟ್ಟಿ ಎಲ್ಲ ತುಂಬಿಡ್ತೀವಿ. ಡೆಂಗಿ ಹರಡೋ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ಇಂಥ ಶುದ್ಧ ನೀರಲ್ಲೇ. ಕಚ್ಚೋದು ಹಗಲಲ್ಲಿ, ಉಳಿದ ಹೊತ್ತು ಕೂರೋದು ಮನೆಯೊಳಗಿನ ಕತ್ತಲ ಮೂಲೆಯಲ್ಲಿ. ಅದೇ ಮೂಲೆಯಲ್ಲಿ ನಮ್ಮ ನೇಕಾರರ ಹುಳ ಬಲೆ ಹಾಕಿರುತ್ತೆ. ಇದೇ ಕ್ರಾಸೊಪ್ರೈಜಾ ಲಯೋನಿ ಡೆಂಗಿ ಸೊಳ್ಳೆಯನ್ನ ಹಿಡಿದು ತಿನ್ನೋದರ ಬಗ್ಗೆ ಥಾಯ್ಲೆಂಡಿನಲ್ಲಿ ನಡೆದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಗಿದೆ.

ಹಾಗಂತ ಜೇಡ ಇದ್ದರೆ ಡೆಂಗಿ ಬರಲ್ಲ ಅಂತ ಯಾರೂ ತಿಳೀಬಾರದು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಬೇಕಾಗಿ ಬಂತು. ಅದನ್ನ ತಡೆಯೋ ಕೆಲಸ ಜೇಡದ್ದಲ್ಲ. ಬ್ಯಾರೆಲ್ಲಿಗೆ ಮುಚ್ಚಳ ಹಾಕಬೇಕು, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೀಬೇಕು, ಪಂಚಾಯಿತಿ ಚರಂಡಿ ಸರಿ ಇಡಬೇಕು, ದಿನಾ ನೀರು ಕೊಡಬೇಕು. ದಿನಾ ನೀರು ಬಂದರೆ ಯಾರು ತಾನೇ ವಾರದ ನೀರು ತುಂಬಿಡ್ತಾರೆ? ಇಷ್ಟೆಲ್ಲ ಆದ ಮೇಲೆ ಉಳಿದ ನಾಲ್ಕು ಸೊಳ್ಳೆಯನ್ನ ಜೇಡ ನೋಡಿಕೊಳ್ಳುತ್ತೆ. ಸೊಳ್ಳೆ ತಿನ್ನೋ ಜೀವಿಯನ್ನ ಸ್ಪ್ರೇ ಹೊಡೆದು ಕೊಂದು, ಆಮೇಲೆ ಸೊಳ್ಳೆಗೆ ಬತ್ತಿ ಹಚ್ಚೋದು ಯಾವ ಲೆಕ್ಕ?

ಧೂಳು ಹಿಡಿದ ಹಳೆಯ ಬಲೆ ತೆಗೀರಿ, ಅಡುಗೆಮನೆ ಚೊಕ್ಕ ಇರಲಿ. ಬಲೆಯಲ್ಲಿ ಜೇಡ ಕಂಡರೆ ಲೋಟ ಮುಚ್ಚಿ, ಕೆಳಗೆ ರಟ್ಟು ತೂರಿಸಿ ಹಿತ್ತಲಿಗೆ ಬಿಡಿ. ಬಚ್ಚಲು, ಅಟ್ಟದಂಥ ಕಡೆ ಒಂದೆರಡು ಉಳಿದರೆ ಇರಲಿ ಬಿಡಿ. ಕಾಲು ಹಿಡಿದು ಎತ್ತಬೇಡಿ. ಕಾಲು ಕಳಚಿ ಕೈಗೆ ಬರುತ್ತೆ.

ಅಜ್ಜಿಗೆ ಹೇಳಬೇಕಾದ್ದು ಇಷ್ಟೇ: “ಅಜ್ಜೀ, ಅದು ಜೇಡ್ರ ಹುಳ, ತನ್ನ ಪಾಡಿಗೆ ನೇಯ್ತಾ ಐತಿ. ನಿನ್ನ ಬೆನ್ನಿಗೆ ಒಂದೇ ಕಡಿಗೆ ಉರಿ ಬಂದು ಗುಳ್ಳೆ ಎದ್ದರೆ ಅದರ ಮ್ಯಾಲೆ ಹಾಕಬ್ಯಾಡ. ಅವತ್ತೇ ನನಗೆ ಹೇಳು, ದವಾಖಾನಿಗೆ ಹೋಗಾಣ.”